ಗುಡ್ಡದ ಅಡ್ಡದಾರಿ



ನಮ್ಮ ಚಿತ್ರದುರ್ಗ ಜಿಲ್ಲೆಯ ಹರಿಯಬ್ಬೆ, ಧರ್ಮಪುರದ ಕಡೆ ಮಳೆಯನ್ನು ಇವತ್ತಿಗೂ ನಕ್ಷತ್ರದ ಹೆಸರಿನಲ್ಲೇ ಲೆಕ್ಕ ಹಾಕುತ್ತಾರೆ. ಮುಂಗಾರು ಕೈಕೊಟ್ಟರೂ ಉತ್ತರೆ, ಹಸ್ತ, ಚಿತ್ತೆ ಮಳೆಯಾದರೂ ಬಂದೀತು ಎಂಬ ಆಸೆ ಇಟ್ಟುಕೊಂಡೇ ರೈತರು ಶೇಂಗಾ ಬಿತ್ತುತ್ತಾರೆ. ಚಿತ್ರದುರ್ಗ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳದು. ಮಲೆನಾಡಿನಲ್ಲಿ ವಾರಗಟ್ಟಲೆ ಜಿಟಿಜಿಟಿ ಹಿಡಿಯುತ್ತದಲ್ಲ, ಆ ಥರದ ಮಳೆ ಇಲ್ಲಿ ಅಪರೂಪ. ಸಂಜೆ ಮೋಡ ಕಟ್ಟಿ, ಗುಡುಗಿ, ಒಂದೆರಡು ಗಂಟೆ ಸುರಿದು ನಿಂತುಬಿಡುತ್ತದೆ. ಮಾರನೆಯ ಬೆಳಿಗ್ಗೆ ಗುಡ್ಡದ ಕಡೆ ಹೋಗಿ ನೋಡಿ. ಹುಲ್ಲು, ಬಂದ್ರೆ, ತಂಗಡಿ ಗಿಡಗಳಿರುವ ಕಡೆ ನೆಲ ನೆಂದು ಹಾಗೇ ಇರುತ್ತದೆ. ಜನ ನೇರವಾಗಿ ಹತ್ತಿ ಇಳಿದು ಸವೆಸಿದ ದಾರಿ ಮಾತ್ರ ಕೊರಕಲಾಗಿರುತ್ತದೆ. ಕೆಂಪು ಮಣ್ಣು ಹರಿದುಹೋಗಿ ಕೆಳಗಿನ ಗರಸು ಎದ್ದಿರುತ್ತದೆ. ಈ ನೇರ ದಾರಿಗಳ ಬಗ್ಗೆ, ಅದರಲ್ಲೂ ಈಚಿನ ವರ್ಷಗಳಲ್ಲಿ ಗುಡ್ಡ ಏರುತ್ತಿರುವ ಸೈಕಲ್ಲುಗಳು ತೆರೆಯುವ ಅಡ್ಡದಾರಿಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕಾಗಿದೆ.

ದಪ್ಪ ಟೈರು, ಹಲವು ಗೇರು, ಮುಂದಿನ ಚಕ್ರಕ್ಕೆ ಕುಲುಕು ತಡೆಯುವ ಸ್ಪ್ರಿಂಗು ಇರುವ ಈ ಸೈಕಲ್ಲಿಗೆ ಮೌಂಟನ್ ಬೈಕ್ ಎನ್ನುತ್ತಾರೆ. ಸವಾರರ ಬಾಯಲ್ಲಿ ಅದು ಎಂಟಿಬಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟ್ ತಮಾಲ್ಪೈಸ್ ಬೆಟ್ಟದ ಸುತ್ತಮುತ್ತ ಕೆಲವು ಯುವಕರು ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸಿ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸತೊಡಗಿದ್ದರು. ಆ ಆಟವೇ ಬೆಳೆದು 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲೇ ನಡೆಯಿತು. ವಿಜಯಪುರ, ಬಾಗಲಕೋಟೆ, ಗದಗದ ಹಳ್ಳಿಗಳ ಹುಡುಗರು, ಹುಡುಗಿಯರು ಸೈಕ್ಲಿಂಗ್‌ನಲ್ಲಿ ದೇಶಕ್ಕೇ ಗೊತ್ತಾದವರು. ಬಿಸಿಲು, ಕಲ್ಲು, ಏರುದಾರಿ ಯಾವುದಕ್ಕೂ ಅಂಜದ ಬಯಲುಸೀಮೆಯ ಮಕ್ಕಳಿಗೆ ಹೇಳಿ ಮಾಡಿಸಿದಂಥ ಆಟ ಇದು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಮಕ್ಕಳೂ ಇದರಲ್ಲಿ ಹೆಸರು ಮಾಡಬೇಕೆಂದು ನನಗೆ ಮನಸಾರೆ ಆಸೆಯಿದೆ. ಈ ಆಟ ನಮ್ಮ ಗುಡ್ಡಗಳಲ್ಲಿ ಉಳಿಯಬೇಕು, ಗುಡ್ಡಗಳೂ ಉಳಿಯಬೇಕು ಎಂಬ ಕಾರಣಕ್ಕೇ ಈ ಮಾತು.

ಅಡ್ಡದಾರಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಹಳೆಯ ಕಾಲುದಾರಿ ಗುಡ್ಡವನ್ನು ಸುತ್ತಿ ಬಳಸಿ ಏರುತ್ತದೆ. ಒಂದು ಕಡೆ ಎಡಕ್ಕೆ ಹೋಗಿ, ತಿರುಗಿ ಬಲಕ್ಕೆ ಬಂದು, ಮತ್ತೆ ತಿರುಗುತ್ತದೆ. ಮೇಲಿನಿಂದ ಇಳಿಯುವ ಸವಾರನಿಗೆ ಕೆಳಗಿನ ತಿರುವು ಕಣ್ಣೆದುರೇ ಕಾಣುತ್ತದೆ. ಎರಡು ತಿರುವುಗಳ ನಡುವೆ ಹತ್ತಿಪ್ಪತ್ತು ಮಾರು ಇಳಿಜಾರು, ಅಷ್ಟೇ. ಒಬ್ಬ ನೇರ ಇಳಿಯುತ್ತಾನೆ. ಹುಲ್ಲು ಮಲಗುತ್ತದೆ. ಹಿಂದೆ ಬಂದವನಿಗೆ ಮಲಗಿದ ಹುಲ್ಲೇ ದಾರಿಯ ಗುರುತು. ಕೆಲವು ವಾರಗಳಲ್ಲಿ ಹುಲ್ಲಿನ ಬುಡ ಕಿತ್ತು ಮಣ್ಣು ಬೋಳಾಗುತ್ತದೆ. ಅಷ್ಟು ಹೊತ್ತಿಗೆ ಅದನ್ನು ನಡೆಯುವವರೂ ಹಿಡಿದಿರುತ್ತಾರೆ, ಮೋಟರ್ ಬೈಕಿನವರೂ ಹಿಡಿದಿರುತ್ತಾರೆ. ಮೊದಲು ಇಳಿದವನ ಮನಸ್ಸಿನಲ್ಲಿ ಕೇಡಿನ ಯೋಚನೆ ಏನೂ ಇರುವುದಿಲ್ಲ. ಅರ್ಧ ನಿಮಿಷ ಉಳಿಯಿತು ಎಂದುಕೊಂಡು ಮುಂದೆ ಹೋಗಿರುತ್ತಾನೆ.

ಆಮೇಲೆ ಮಳೆ ಬರುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಮನಸ್ಸಿಟ್ಟು ಕೇಳಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಅರ್ಧ ಮೀಟರ್ ಅಗಲ, 200 ಮೀಟರ್ ಉದ್ದದ ಜಾಡು ಎಂದರೆ 100 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಮಳೆಯಾದರೆ ಆ ಜಾಡಿನ ಮೇಲೇ 5,000 ಲೀಟರ್ ನೀರು ಬೀಳುತ್ತದೆ. ಬೇಸಿಗೆಯಲ್ಲಿ ನಮ್ಮ ಊರುಗಳಿಗೆ ಬರುವ ಒಂದು ಟ್ಯಾಂಕರ್ ನೀರು ಅದು. ತುಳಿದು ಗಟ್ಟಿಯಾದ ನೆಲ ನೀರನ್ನು ಒಳಕ್ಕೆ ಬಿಡುವುದಿಲ್ಲ. ಅಕ್ಕಪಕ್ಕದ ಇಳಿಜಾರಿನ ನೀರೂ ತಗ್ಗು ಹುಡುಕಿಕೊಂಡು ಅಲ್ಲಿಗೇ ಬಂದು ಸೇರುತ್ತದೆ. ಸುತ್ತಿ ಬರುವ ದಾರಿಯಲ್ಲಾದರೆ ಈ ನೀರು ಅಲ್ಲಲ್ಲಿ ಅಂಚಿನಿಂದ ಜಾರಿ ಹುಲ್ಲಿಗೆ ಇಳಿದುಬಿಡುತ್ತಿತ್ತು. ನೇರ ಜಾಡಿನಲ್ಲಿ ಅದಕ್ಕೆ ಪಕ್ಕಕ್ಕೆ ಹೋಗಲು ದಾರಿಯೇ ಇಲ್ಲ. ಕೆಳಕ್ಕೆ ಇಳಿದಷ್ಟೂ ವೇಗ ಹೆಚ್ಚುತ್ತದೆ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎಂದು ಭೂವಿಜ್ಞಾನದ ಪುಸ್ತಕಗಳು ಹೇಳುತ್ತವೆ. ಮೇಲಿನ ತಿರುವಿನಲ್ಲಿ ಮರಳಿನ ಕಾಳನ್ನಷ್ಟೇ ಸರಿಸುತ್ತಿದ್ದ ನೀರು ಕೆಳಗೆ ಮುಷ್ಟಿ ಗಾತ್ರದ ಕಲ್ಲನ್ನು ಉರುಳಿಸುವುದು ಇದೇ ಕಾರಣಕ್ಕೆ.

ಆ 200 ಮೀಟರ್ ಜಾಡು ಒಂದೆರಡು ಮಳೆಗಾಲದಲ್ಲಿ ಒಂದು ಅಡಿಯಷ್ಟು ಆಳಕ್ಕೆ ಕೊರೆಯಿತು ಎಂದಿಟ್ಟುಕೊಳ್ಳಿ. ಹೋದ ಮಣ್ಣು ಸುಮಾರು 30 ಘನ ಮೀಟರ್, ಅಂದರೆ ಹತ್ತು ಟ್ರ್ಯಾಕ್ಟರ್ ಟ್ರೇಲರ್ ಮಣ್ಣು. ಯಾರಾದರೂ ಹತ್ತು ಟ್ರ್ಯಾಕ್ಟರ್ ತಂದು ಗುಡ್ಡದ ಮಣ್ಣು ತುಂಬಿಕೊಂಡು ಹೋದರೆ ಊರಿನವರು ಸುಮ್ಮನಿರುವುದಿಲ್ಲ, ಇಲಾಖೆಯವರೂ ಬಿಡುವುದಿಲ್ಲ. ಅಷ್ಟೇ ಮಣ್ಣು ಒಂದು ಅಡ್ಡದಾರಿಯಿಂದ ಹೋದರೆ ಯಾರ ಗಮನಕ್ಕೂ ಬರುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಸೈಕಲ್ಲಿನವರೇ ಗುಡ್ಡ ಹಾಳುಮಾಡುತ್ತಾರೆ ಎಂದು ಯಾರೂ ತೀರ್ಮಾನಿಸಬಾರದು. 1994ರಲ್ಲಿ ವಿಲ್ಸನ್ ಮತ್ತು ಸೀನಿ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಮೊಂಟಾನಾ ರಾಜ್ಯದ ಬೆಟ್ಟದ ದಾರಿಗಳಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ನಡೆಯುವವರು, ಕುದುರೆಗಳು, ಮೋಟರ್ ಸೈಕಲ್ಲು, ಸೈಕಲ್ಲು ಇವುಗಳಲ್ಲಿ ಯಾವುದರಿಂದ ಹೆಚ್ಚು ಮಣ್ಣು ಸಡಿಲವಾಗುತ್ತದೆ ಎಂದು ಹೋಲಿಸಿ ನೋಡಿದಾಗ, ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಮಣ್ಣು ಸಡಿಲಿಸುತ್ತವೆ ಎಂದು ಕಂಡುಬಂತು. ಎಲ್ಲಕ್ಕಿಂತ ಹೆಚ್ಚು ಸಡಿಲಿಸಿದ್ದು ಕುದುರೆಗಳು. ಇಲ್ಲಿ ಕುದುರೆಯ ಜಾಗದಲ್ಲಿ ಕುರಿ, ಮೇಕೆ, ದನಗಳಿವೆ. ಹೀಗಾಗಿ ತಪ್ಪನ್ನೆಲ್ಲ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಚಕ್ರಕ್ಕೆ ಅದರದೇ ಒಂದು ಗುಣವಿದೆ, ಸವಾರರು ಅದನ್ನು ಅರಿತಿರಬೇಕು. ಪಾದ ಬಿಟ್ಟು ಬಿಟ್ಟು ಬೀಳುತ್ತದೆ, ಹೆಜ್ಜೆ ಹೆಜ್ಜೆಯ ನಡುವೆ ನೆಲ ಉಳಿಯುತ್ತದೆ. ಚಕ್ರ ಮೇಲಿನಿಂದ ಕೆಳಗಿನವರೆಗೆ ಕಡಿಯದ ಒಂದೇ ಗೆರೆ ಎಳೆಯುತ್ತದೆ. ನೀರಿಗೆ ಬೇಕಾದದ್ದು ಅಂಥ ಗೆರೆಯೇ. ಕಡಿದಾದ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಪೂರ್ತಿ ಹಿಡಿದರೆ ಚಕ್ರ ನಿಂತು ಟೈರು ಎಳೆದುಕೊಂಡು ಹೋಗುತ್ತದೆ, ಗಟ್ಟಿಯಾಗಿದ್ದ ಮೇಲ್ಮಣ್ಣು ಪುಡಿಯಾಗುತ್ತದೆ. ಅಡ್ಡದಾರಿಗಳೆಲ್ಲ ಕಡಿದಾಗಿಯೇ ಇರುವುದರಿಂದ ಅಲ್ಲಿ ಬ್ರೇಕು ಹಿಡಿಯದೆ ಇಳಿಯಲು ಸಾಧ್ಯವೇ ಇಲ್ಲ. ಮಳೆ ಬಂದು ನೆಲ ಮೆತ್ತಗಿದ್ದಾಗ ಇಳಿದರಂತೂ ಒಂದೇ ಸಲಕ್ಕೆ ಬೆರಳುದ್ದ ಆಳದ ಗೀರು ಬೀಳುತ್ತದೆ, ಮುಂದಿನ ಮಳೆ ಅದನ್ನೇ ಹಿಡಿದು ಕೊರೆಯುತ್ತದೆ. ಇನ್ನೊಂದು ರೂಢಿಯೂ ಇದೆ. ದಾರಿಯಲ್ಲಿ ನೀರು ನಿಂತಿದ್ದರೆ, ಕಲ್ಲೆದ್ದಿದ್ದರೆ ಪಕ್ಕದ ಹುಲ್ಲಿನ ಮೇಲೆ ಸೈಕಲ್ ಹಾಯಿಸುವುದು. ಒಂದು ಜಾಡು ಎರಡಾಗುತ್ತದೆ, ಎರಡು ಮೂರಾಗುತ್ತವೆ. ಕೊನೆಗೆ ಗಾಡಿ ಓಡಾಡುವಷ್ಟು ಅಗಲದ ಬೋಳು ನೆಲ ಉಳಿಯುತ್ತದೆ.

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಬದಿಯಲ್ಲಿ ತುರಹಳ್ಳಿ ಕಾಡು ಇದೆ. ಸುಮಾರು 600 ಎಕರೆಯ ಕುರುಚಲು ಕಾಡು, ನಡುವೆ ದೊಡ್ಡ ಬಂಡೆಗಳು. ನೋಡಿದರೆ ನಮ್ಮ ಚಿತ್ರದುರ್ಗದ ಕಡೆಯ ಗುಡ್ಡವೊಂದನ್ನು ಎತ್ತಿ ಇಟ್ಟ ಹಾಗಿದೆ. ಅಲ್ಲಿ ಬಂಡೆ ಹತ್ತುವವರು, ನಡೆಯುವವರು, ಹಕ್ಕಿ ನೋಡುವವರು, ಮೌಂಟನ್ ಬೈಕಿನವರು ಎಲ್ಲರೂ ಒಂದೇ ಜಾಡುಗಳನ್ನು ಬಳಸಿಕೊಂಡು ಬಂದವರು. 2021ರ ಆರಂಭದಲ್ಲಿ ಅರಣ್ಯ ಇಲಾಖೆ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಮುಂದಿಟ್ಟಾಗ ಇವರೆಲ್ಲ ಒಟ್ಟಾಗಿ ಬೀದಿಗೆ ಬಂದು ಬೇಡ ಎಂದರು. ಕಾಡು ಕಾಡಾಗಿಯೇ ಇರಲಿ ಎಂಬುದು ಅವರ ಕೂಗು. ಆ ಕೂಗು ನನಗೆ ಇಷ್ಟವಾಯಿತು. ಆದರೆ ಕಾಡು ಕಾಡಾಗಿಯೇ ಇರಬೇಕೆಂದು ಕೇಳುವ ಹಕ್ಕಿನ ಜೊತೆಗೇ ಒಂದು ಹೊಣೆಯೂ ಬರುತ್ತದೆ. ಊರು ಸುತ್ತುವರಿದ ಅಷ್ಟು ಸಣ್ಣ ಕಾಡಿನಲ್ಲಿ ಪ್ರತಿ ತಂಡವೂ ತನ್ನದೊಂದು ಹೊಸ ಜಾಡು ತೆರೆಯುತ್ತ ಹೋದರೆ ಉದ್ಯಾನದ ಕಾಂಕ್ರೀಟು ಮಾಡದ ಹಾನಿಯನ್ನು ಜಾಡುಗಳೇ ಮಾಡುತ್ತವೆ. ಕಾಡು ಉಳಿಸಲು ಒಟ್ಟಾದವರು ಜಾಡು ಮಿತಿಯಲ್ಲಿಡಲೂ ಒಟ್ಟಾಗಬೇಕು.

ನಮ್ಮ ಜಿಲ್ಲೆಯ ವಿಷಯಕ್ಕೆ ಬಂದರೆ ಈ ಮಾತು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಚಿತ್ರದುರ್ಗದ ದಕ್ಷಿಣಕ್ಕೆ ಜೋಗಿಮಟ್ಟಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿದೆ. ದುರ್ಗದ ಜನಕ್ಕೆ ಅದು ತಂಪಿನ ಜಾಗ. ಕರಡಿ, ಚಿರತೆ, ನವಿಲುಗಳ ಕಾಡು. ಅದರ ಬುಡದಲ್ಲಿ ತಿಮ್ಮಣ್ಣನಾಯಕನ ಕೆರೆ ಇದೆ. ಪಾಳೇಗಾರರ ಕಾಲದ ಜನ ಕೆರೆಗೆ ಜಾಗ ಆರಿಸುವಾಗ ಬೆಟ್ಟದ ಇಳಿಜಾರನ್ನು ನೋಡಿಯೇ ಆರಿಸಿದ್ದಾರೆ. ಬೆಟ್ಟದ ಮೇಲೆ ಬಿದ್ದ ಹನಿ ಹುಲ್ಲಿನಲ್ಲಿ, ಎಲೆಯಲ್ಲಿ ತಡೆದು, ನೆಲಕ್ಕಿಳಿದು, ಉಳಿದದ್ದು ನಿಧಾನಕ್ಕೆ ಹರಿದು ಕೆರೆ ಸೇರಬೇಕು. ಕೊರಕಲಿನಲ್ಲಿ ಬಂದ ನೀರು ಮಣ್ಣು ಹೊತ್ತು ತರುತ್ತದೆ. ಕೆರೆಯಲ್ಲಿ ನೀರಿನ ಜಾಗವನ್ನು ಗೋಡು ಹಿಡಿಯುತ್ತದೆ. ಇತ್ತ ಹಿರಿಯೂರು, ಹೊಸದುರ್ಗ ತಾಲ್ಲೂಕುಗಳ ನಡುವೆ ಮಾರಿಕಣಿವೆಯ ಗುಡ್ಡಸಾಲಿದೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ ಆ ಗುಡ್ಡಗಳ ನೀರೂ ಇಳಿಯುತ್ತದೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಎರಡು ತಲೆಮಾರು ಕಾಣದಿದ್ದ ಆ ನೀರನ್ನು ನೋಡಲು ಜನ ಮುಗಿಬಿದ್ದಿದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಧರ್ಮಪುರ ಕೆರೆಗೆ ನೀರು ತರಬೇಕೆಂದು ಹೋಬಳಿಯ ಜನ ದಶಕಗಳ ಕಾಲ ಹೋರಾಡಿದ್ದಾರೆ. ನೀರಿಗಾಗಿ ಇಷ್ಟು ಕಾದ, ಇಷ್ಟು ಹೋರಾಡಿದ ಸೀಮೆಯವರು ಕೆರೆಯಂಗಳಕ್ಕೆ ಮಣ್ಣು ತರುವ ದಾರಿಗಳನ್ನು ಸಣ್ಣ ವಿಷಯವೆಂದು ಬಿಡಲು ಆಗುವುದಿಲ್ಲ.

ಮಲೆನಾಡಿನಲ್ಲಿ ತುಳಿದ ಜಾಡೊಂದನ್ನು ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಹಸಿರು ಅದನ್ನು ಮುಚ್ಚುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಗುಡ್ಡದ ಮೇಲೆ ಮಣ್ಣಿರುವುದೇ ಗೇಣು, ಮೊಳ. ಅದರ ಕೆಳಗೆ ಕಲ್ಲು. ಕಲ್ಲು ಸವೆದು ಮತ್ತೆ ಅಷ್ಟು ಮಣ್ಣಾಗಲು ಮನುಷ್ಯನ ಆಯಸ್ಸು ಎಷ್ಟೂ ಸಾಲದು. ಮಣ್ಣು ಹೋದ ಮೇಲೆ ಬೀಜ ಬಿದ್ದರೂ ಬೇರು ಇಳಿಯಲು ಜಾಗವಿಲ್ಲ. ಆದ್ದರಿಂದ ಒಣನಾಡಿನ ಗುಡ್ಡದಲ್ಲಿ ಅಡ್ಡದಾರಿ ಎಂದರೆ ಒಂದು ಋತುವಿನ ಗಾಯವಲ್ಲ, ನಮ್ಮ ಮೊಮ್ಮಕ್ಕಳೂ ನೋಡುವಂಥದ್ದು. ಮಳೆ ಹೇರಳವಾಗಿರುವ ಕುಮಾರಪರ್ವತದಲ್ಲೇ ಮಿತಿ ಬೇಕಾಯಿತು ಎಂಬುದನ್ನು ನೆನಪಿಸುತ್ತೇನೆ. 2024ರ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಜನಜಂಗುಳಿ ಸೇರಿದ ಮೇಲೆ ಸರ್ಕಾರ ಚಾರಣವನ್ನು ಸ್ವಲ್ಪ ಕಾಲ ನಿಲ್ಲಿಸಿತು. ಆಮೇಲೆ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿ, ದಿನಕ್ಕೆ 300 ಜನ ಎಂದು ಮಿತಿ ಹಾಕಿ ಮತ್ತೆ ತೆರೆಯಿತು. ಆಗ ಕೆಲವರು ಗೊಣಗಿದರು. ನನಗಂತೂ ಅದು ಸರಿಯಾದ ಕ್ರಮ ಎನ್ನಿಸಿತು.

ದಾರಿ ಹೇಗಿರಬೇಕು ಎಂಬುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಎತ್ತಿನ ಗಾಡಿ ಹೊಡೆದವರನ್ನು ಕೇಳಿ, ತುಂಬಿದ ಗಾಡಿಯನ್ನು ಯಾರೂ ಏರಿಗೆ ನೇರ ಹೊಡೆಯುತ್ತಿರಲಿಲ್ಲ. ಓರೆಯಾಗಿ ಹೊಡೆದು, ತಿರುಗಿಸಿ, ಎತ್ತುಗಳಿಗೆ ಉಸಿರು ಬಿಡಲು ಸಮಮಟ್ಟ ಸಿಗುವ ಕಡೆ ನಿಲ್ಲಿಸುತ್ತಿದ್ದರು. ಹೊಲದಲ್ಲೂ ಹಾಗೆಯೇ. ಇಳಿಜಾರಿನ ಹೊಲವನ್ನು ಮೇಲಿನಿಂದ ಕೆಳಕ್ಕೆ ಉತ್ತರೆ ಒಂದೇ ಮಳೆಗೆ ಸಾಲೆಲ್ಲ ಕಾಲುವೆಯಾಗುತ್ತದೆ ಎಂದು ಗೊತ್ತಿರುವುದರಿಂದಲೇ ಇಳಿಜಾರಿಗೆ ಅಡ್ಡಲಾಗಿ ಉಳುತ್ತೇವೆ, ಅಡ್ಡಲಾಗಿ ಬದು ಹಾಕುತ್ತೇವೆ. 2001ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಐದು ಜಿಲ್ಲೆಗಳಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯಲ್ಲಿ ಚಿತ್ರದುರ್ಗವೂ ಇತ್ತು. ಆ ಯೋಜನೆಯಲ್ಲಿ ಬದು, ತಡೆ, ಕೃಷಿಹೊಂಡ ಮಾಡಿದ ಕೈಗಳು ಇವತ್ತೂ ನಮ್ಮ ಹಳ್ಳಿಗಳಲ್ಲಿವೆ.

ಮೌಂಟನ್ ಬೈಕ್ ಜಾಡು ಮಾಡುವವರ ನಿಯಮವೂ ಇದೇ. ಜಾಡುಗಳನ್ನು ಸೈಕಲ್ಲಿನವರಿಗೆ ಮುಚ್ಚುತ್ತಿದ್ದ ಕಾಲದಲ್ಲಿ, 1988ರಲ್ಲಿ, ಕ್ಯಾಲಿಫೋರ್ನಿಯಾದ ಕೆಲವು ಸಂಘಗಳು ಸೇರಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಕಟ್ಟಿದವು. ಅವರು ಕಲಿಸುವ ಮೊದಲ ಪಾಠವೆಂದರೆ ದಾರಿಯ ಏರು ಗುಡ್ಡದ ಏರಿನ ಅರ್ಧ ಮೀರಬಾರದು. ನೂರು ಅಡಿಗೆ 20 ಅಡಿ ಏರುವ ಇಳಿಜಾರಿನಲ್ಲಿ ದಾರಿ ನೂರು ಅಡಿಗೆ 10 ಅಡಿಗಿಂತ ಹೆಚ್ಚು ಏರಕೂಡದು. ಹಾಗಿದ್ದರೆ ಮೇಲಿನಿಂದ ಬಂದ ನೀರು ದಾರಿಯನ್ನು ಅಡ್ಡಲಾಗಿ ದಾಟಿ ಹೋಗುತ್ತದೆ, ದಾರಿ ಹಿಡಿದು ಹರಿಯುವುದಿಲ್ಲ. ದಾರಿಯ ಹೊರಅಂಚು ಒಂದಿಷ್ಟು ಕೆಳಗಿರಬೇಕು. ಸ್ವಲ್ಪ ಸ್ವಲ್ಪ ದೂರಕ್ಕೆ ದಾರಿ ಇಳಿದು ಮತ್ತೆ ಏರಬೇಕು, ತಗ್ಗಿನಲ್ಲಿ ನೀರು ಹೊರಬೀಳಬೇಕು. ಕ್ಯಾಲಿಫೋರ್ನಿಯಾದವರು ಬರೆದಿಟ್ಟದ್ದನ್ನು ಹರಿಯಬ್ಬೆಯ ರೈತ ತನ್ನ ಹೊಲದ ಬದುವಿನಲ್ಲಿ ದಿನವೂ ಮಾಡುತ್ತಾನೆ. ನಮ್ಮ ಜಿಲ್ಲೆಯಲ್ಲಿ ಮುಂದೆ ಎಂದಾದರೂ ಸೈಕಲ್ ಜಾಡು ಮಾಡುವ ಯೋಜನೆ ಬಂದರೆ, ದೂರದಿಂದ ಪರಿಣತರನ್ನು ಕರೆಸುವ ಮೊದಲು ಇಂಥ ರೈತರನ್ನು ಜೊತೆಗೆ ಕರೆದುಕೊಂಡು ಗುಡ್ಡ ತಿರುಗಬೇಕು.

ಈಗ ಕೆಲವರು ಕೇಳಬಹುದು. ಗುಡ್ಡದ ನೆತ್ತಿಯ ಮೇಲೆ ಜನ ಫ್ಯಾನು ಎನ್ನುವ ಗಾಳಿಯಂತ್ರಗಳಿಗೆ ಲಾರಿ ಹೋಗುವಷ್ಟು ಅಗಲದ ರಸ್ತೆ ಕಡಿದಿದ್ದಾರೆ, ಗಣಿಗಾಗಿ ಗುಡ್ಡವನ್ನೇ ಬಗೆದಿದ್ದಾರೆ, ಅದನ್ನೆಲ್ಲ ಬಿಟ್ಟು ಒಂದು ಸೈಕಲ್ ಜಾಡಿನ ಮೇಲೆ ಏಕೆ ಇಷ್ಟು ಮಾತು? ಪ್ರಶ್ನೆ ನ್ಯಾಯವಾದದ್ದೇ. ಚರಂಡಿ ಸರಿಯಾಗಿ ಮಾಡದ ಗುಡ್ಡದ ರಸ್ತೆ ನೂರು ಅಡ್ಡದಾರಿಗಳಿಗಿಂತ ಹೆಚ್ಚು ಮಣ್ಣು ಕಳೆಯುತ್ತದೆ. ಅದನ್ನೂ ಕೇಳಬೇಕು, ಜೋರಾಗಿಯೇ ಕೇಳಬೇಕು. ಆದರೆ ಅಲ್ಲಿ ಕೇಳಲು ಒಬ್ಬ ಗುತ್ತಿಗೆದಾರನಿದ್ದಾನೆ, ಪರವಾನಗಿ ಕೊಟ್ಟ ಕಚೇರಿಯಿದೆ, ಷರತ್ತಿನ ಕಾಗದವಿದೆ. ಅಡ್ಡದಾರಿಗೆ ವಾರಸುದಾರನೇ ಇಲ್ಲ. ಯಾರೂ ಮಾಡಲಿಲ್ಲ, ಎಲ್ಲರೂ ತುಳಿದರು. ಅದಕ್ಕೇ ಅದನ್ನು ತಡೆಯುವ ಕೆಲಸ ಬಳಸುವವರಿಂದಲೇ ಆಗಬೇಕು. ತನ್ನ ಜಾಡನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡ ಸವಾರರ ಸಂಘ ನಾಳೆ ಆ ದೊಡ್ಡ ರಸ್ತೆಯ ಚರಂಡಿಯ ಬಗ್ಗೆ ಅಧಿಕಾರಿಗಳ ಎದುರು ನಿಂತರೆ ಅದರ ಮಾತಿಗೆ ತೂಕವಿರುತ್ತದೆ.

ಕಾನೂನನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಅತಿಕ್ರಮವಾಗಿ ಪ್ರವೇಶಿಸುವುದೇ ತಪ್ಪು, ಗಿಡ ಸವರಿ ದಾರಿ ಮಾಡುವುದಂತೂ ಇನ್ನೂ ದೊಡ್ಡ ತಪ್ಪು. ವನ್ಯಜೀವಿಧಾಮವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಟ್ಟುಪಾಡು ಇದಕ್ಕಿಂತ ಬಿಗಿ. ಕರಡಿಗಳಿರುವ ಕಾಡಿನಲ್ಲಿ ಮುಂಜಾನೆ, ಮುಸ್ಸಂಜೆ ಹೊಸ ಪೊದೆಯೊಳಗೆ ಸೈಕಲ್ ನುಗ್ಗಿಸುವುದು ಜೀವಕ್ಕೂ ಅಪಾಯ.

ಮೊಬೈಲಿನ ವಿಷಯಕ್ಕೆ ಸವಾರರು, ಅದರಲ್ಲೂ ಹುಡುಗರು, ಹೆಚ್ಚು ಗಮನ ಕೊಡಬೇಕು. ಇವತ್ತು ಸವಾರನ ಜೇಬಿನಲ್ಲಿ ಫೋನಿದೆ, ಅದರಲ್ಲಿ ಸ್ಟ್ರಾವಾದಂಥ ಆ್ಯಪ್ ಇದೆ. ಹೋದ ದಾರಿಯೆಲ್ಲ ನಕ್ಷೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಯಾರು ಎಷ್ಟು ಸೆಕೆಂಡಿನಲ್ಲಿ ಇಳಿದರು ಎಂಬ ಪಟ್ಟಿಯೂ ಬರುತ್ತದೆ. ಪಟ್ಟಿಯಲ್ಲಿ ಮೇಲೇರುವ ಆಸೆಗೆ ಒಬ್ಬ ತಿರುವು ಬಿಟ್ಟು ನೇರ ಇಳಿದರೆ ಆ ಗೆರೆ ನಕ್ಷೆಯಲ್ಲಿ ಉಳಿಯುತ್ತದೆ. ಊರು ಗೊತ್ತಿಲ್ಲದ, ಗುಡ್ಡ ಗೊತ್ತಿಲ್ಲದ ಸವಾರ ಮುಂದಿನ ವಾರ ಅದೇ ದಾರಿಯೆಂದು ನಂಬಿ ಬರುತ್ತಾನೆ. ಹಿಂದೆ ಅಡ್ಡದಾರಿ ಕಂಡವರ ನಡುವೆ ಮಾತ್ರ ಹಬ್ಬುತ್ತಿತ್ತು. ಈಗ ಕಾಣದವರಿಗೂ ಅದು ಗೊತ್ತಾಗುತ್ತದೆ. ಅಡ್ಡದಾರಿಯಲ್ಲಿ ಇಳಿದ ದಾಖಲೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನೀವು ತಂಡದ ಹಿರಿಯರಾದರೆ, ಕಿರಿಯರು ಹಾಗೆ ಹಾಕಿದ್ದನ್ನು ಕಂಡ ಕೂಡಲೇ ತೆಗೆಸಿ.

ಗುಡ್ಡದ ದಾರಿ ಸೈಕಲ್ಲಿನವರಿಗೆ ಮಾತ್ರ ಸೇರಿದ್ದಲ್ಲ ಎಂಬುದನ್ನೂ ಮರೆಯಬಾರದು. ಗೊಲ್ಲರಹಟ್ಟಿಯಿಂದ ಕುರಿ ಹೊಡೆದುಕೊಂಡು ಬರುವವರಿದ್ದಾರೆ, ಒಣಗಿದ ಸೌದೆ ಹೊತ್ತು ಇಳಿಯುವ ಹೆಂಗಸರಿದ್ದಾರೆ, ಹರಕೆ ಹೊತ್ತು ಬರಿಗಾಲಲ್ಲಿ ಗುಡ್ಡದ ದೇವರಿಗೆ ಹೋಗುವವರಿದ್ದಾರೆ. ತಲೆಯ ಮೇಲೆ ಹೊರೆ ಇದ್ದವರು ಹಠಾತ್ತನೆ ಪಕ್ಕಕ್ಕೆ ಸರಿಯಲಾರರು. ತಿರುವಿನಲ್ಲಿ ಬೆಲ್ಲು ಹೊಡೆಯಿರಿ, ಎದುರಿಗೆ ಜನ ಕಂಡರೆ ಇಳಿದು ನಿಲ್ಲಿ. "ಅಜ್ಜಾ, ಈ ದಾರಿ ಎಲ್ಲಿಗೆ ಹೋಗ್ತದೆ? ಇಲ್ಲಿ ಸೈಕಲ್ ಹೊಡೀಬೌದಾ?" ಎಂದು ಕುರಿ ಕಾಯುವವರನ್ನು ಒಂದು ಮಾತು ಕೇಳಿ. ಯಾವ ದಾರಿ ಹಳೆಯದು, ಯಾವುದು ಈಚೆಗೆ ಕಿತ್ತದ್ದು, ಮಳೆ ಬಂದರೆ ನೀರು ಎಲ್ಲಿ ನುಗ್ಗುತ್ತದೆ ಎಂಬುದು ಅವರಿಗೆ ನಿಮ್ಮ ನಕ್ಷೆಗಿಂತ ಚೆನ್ನಾಗಿ ಗೊತ್ತು.

ಕೊರೆದುಹೋದ ಅಡ್ಡದಾರಿಯನ್ನು ಮುಚ್ಚುವುದು ದೊಡ್ಡ ಖರ್ಚಿನ ಕೆಲಸವಲ್ಲ, ಬೇಕಾದದ್ದು ಕ್ರಮ. ಮೊದಲು ಎರಡೂ ತುದಿ ಮುಚ್ಚಬೇಕು. ಒಂದೇ ತುದಿ ಮುಚ್ಚಿದರೆ ಇನ್ನೊಂದು ಕಡೆಯಿಂದ ಬಂದವರು ಮುಚ್ಚಿದ್ದನ್ನು ಕಿತ್ತು ಪಕ್ಕದಲ್ಲಿ ಮತ್ತೊಂದು ದಾರಿ ಮಾಡುತ್ತಾರೆ. ಹೊಲಕ್ಕೆ ಬೇಲಿ ಕಟ್ಟುವ ಕಾರೆ, ಜಾಲಿ ಮುಳ್ಳಿನ ಕೊಂಬೆಗಳೇ ಸಾಕು. ಕಣ್ಣಿಗೆ ದಾರಿ ಕಾಣದಷ್ಟು ಉದ್ದಕ್ಕೆ ಮುಚ್ಚಬೇಕು, ಏಕೆಂದರೆ ಮುಂದೆ ದಾರಿ ಕಂಡವನು ಮುಳ್ಳು ದಾಟಿಯೂ ಹೋಗುತ್ತಾನೆ. ಆಮೇಲೆ ಕೊರಕಲಿನೊಳಗೆ ಅಲ್ಲಲ್ಲಿ ಕಲ್ಲು ಜೋಡಿಸಿ ಮೊಳಕಾಲೆತ್ತರದ ತಡೆ ಕಟ್ಟಬೇಕು. ತಡೆಯ ನಡುಭಾಗ ತುಸು ತಗ್ಗಾಗಿರಲಿ. ಇಲ್ಲದಿದ್ದರೆ ನೀರು ಅಂಚನ್ನು ಕೊರೆದು ಹೊಸ ಹಾದಿ ಹಿಡಿಯುತ್ತದೆ. ತಡೆಯ ಹಿಂದೆ ಮಣ್ಣು ನಿಂತಮೇಲೆ ಅಲ್ಲೇ ಬೆಳೆಯುವ ಹುಲ್ಲಿನ ಬೀಜ ಚೆಲ್ಲಿದರೆ ಅದು ಹಿಡಿದುಕೊಳ್ಳುತ್ತದೆ. ಕೊನೆಯದಾಗಿ, ಜನ ಅಡ್ಡದಾರಿ ಹಿಡಿದದ್ದು ಏಕೆ ಎಂದು ನೋಡಬೇಕು. ಎಷ್ಟೋ ಕಡೆ ಮುಖ್ಯ ದಾರಿಯ ತಿರುವಿನಲ್ಲಿ ಕಲ್ಲೆದ್ದು ನಡೆಯಲಾಗದೇ ಇದ್ದದ್ದೇ ಕಾರಣ. ಆ ತಿರುವನ್ನು ಸರಿಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಇದೆಲ್ಲವನ್ನೂ ಅರಣ್ಯದೊಳಗೆ ನಮ್ಮಷ್ಟಕ್ಕೆ ನಾವು ಮಾಡುವ ಹಾಗಿಲ್ಲ. ವಲಯ ಅರಣ್ಯಾಧಿಕಾರಿಗಳಿಗೆ ಅರ್ಜಿ ಕೊಡಿ, ಗ್ರಾಮ ಅರಣ್ಯ ಸಮಿತಿ ಇರುವ ಕಡೆ ಅದನ್ನೂ ಸೇರಿಸಿಕೊಳ್ಳಿ.

ಅರಣ್ಯ ಇಲಾಖೆಯವರಲ್ಲೂ ಒಂದು ವಿನಂತಿ ಇದೆ. ಎಲ್ಲವನ್ನೂ ಮುಚ್ಚಿದರೆ ಹುಡುಗರು ಕದ್ದು ಹೋಗುತ್ತಾರೆ, ಕದ್ದು ಹೋಗುವವರು ಅಡ್ಡದಾರಿಯನ್ನೇ ಹಿಡಿಯುತ್ತಾರೆ. ಪ್ರಾಣಿಗಳಿಗೆ ತೊಂದರೆಯಾಗದ, ಮಣ್ಣು ತಡೆಯಬಲ್ಲ ಒಂದೆರಡು ಹಳೆಯ ದಾರಿಗಳನ್ನು ಗುರುತಿಸಿ, ಇವು ಸೈಕಲ್ಲಿಗೆ, ಇಂಥ ಹೊತ್ತಿಗೆ, ಮಳೆ ಬಂದ ಮಾರನೆಯ ದಿನ ಇಲ್ಲ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದ ಫಲಕ ಹಾಕಿ. ಅದರ ಪಾಲನೆಯನ್ನು ಸವಾರರ ಸಂಘಗಳಿಗೇ ಬರವಣಿಗೆಯಲ್ಲಿ ವಹಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅವರನ್ನು ಜೊತೆಗೆ ಕರೆದುಕೊಂಡು ದಾರಿ ನಡೆದು ನೋಡಿ.

ಸವಾರ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ನೆಲ ಒದ್ದೆಯಿದ್ದ ದಿನ ಗುಡ್ಡದ ಮಣ್ಣುದಾರಿ ಬಿಟ್ಟು ಡಾಂಬರು ರಸ್ತೆಯಲ್ಲಿ ಸೈಕಲ್ ಹೊಡೆಯಿರಿ. ತಿರುವು ಎಷ್ಟೇ ಬಳಸಾದರೂ ತಿರುಗಿಯೇ ಇಳಿಯಿರಿ, ಇಳಿಯಲಾಗದಷ್ಟು ಕಡಿದಾಗಿದ್ದರೆ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಯಿರಿ. ಮುಳ್ಳು ಹಾಕಿ ಮುಚ್ಚಿದ ದಾರಿ ಕಂಡರೆ ಅದನ್ನು ಸರಿಸಬೇಡಿ. ಯಾರಾದರೂ ಸರಿಸಿದ್ದರೆ ಇಳಿದು, ಮುಳ್ಳನ್ನು ಮತ್ತೆ ಎಳೆದು ಹಾಕಿ ಮುಂದೆ ಹೋಗಿ.